ಕೀಲಿಯೂ ಕೀಲಿಕೈಯೂ: ಗುಪ್ತಪದವಿಲ್ಲದ ದೂರಪ್ರವೇಶದ ಕ್ರಮ ಮತ್ತು ಅದರ ತೊಡಕುಗಳ ವಿಚಾರ

1. ವಿಷಯಪ್ರವೇಶ

ಓಲೆಗರಿಗಳ ಛಾಯಾಪ್ರತಿಗಳು ಗಣಕಯಂತ್ರವನ್ನು ಸೇರುತ್ತಿರುವ ಈ ಕಾಲದಲ್ಲಿ, ಪಾಠಪರಿಷ್ಕರಣವು ಗರಿಯ ಬಳಿಯಲ್ಲಿ ಕುಳಿತವನಿಗೆ ಮಾತ್ರವೇ ಸಾಧ್ಯವೆಂಬ ಹಳೆಯ ನಿಯಮವು ಸಡಿಲವಾಗಿರುವುದು ವಿದ್ವಾಂಸರಿಗೆಲ್ಲ ವಿದಿತವೇ ಆಗಿದೆ. ಊರಲ್ಲಿದ್ದುಕೊಂಡೇ ದೂರದ ಭಂಡಾರದ ಯಂತ್ರವನ್ನು ಪ್ರವೇಶಿಸಿ, ಅಲ್ಲಿಯ ಪ್ರತಿಯನ್ನು ನೋಡಿ, ಪಾಠಾಂತರಗಳನ್ನು ಅಲ್ಲಿಯೇ ಬರೆದಿಡುವುದಕ್ಕೆ ಅನುಕೂಲವುಂಟು. ಆದರೆ ಬಾಗಿಲಿದ್ದಲ್ಲಿ ಕಾವಲೂ ಇರಬೇಕಷ್ಟೆ. ಬಂದವನು ಅಧಿಕಾರವುಳ್ಳವನೇ ಎಂಬುದನ್ನು ಯಂತ್ರವು ಹೇಗೆ ತಿಳಿಯುತ್ತದೆ, ತಿಳಿಯಬೇಕಾದವನನ್ನೇ ಕೆಲವು ವೇಳೆ ಏಕೆ ಹೊರಗೆ ನಿಲ್ಲಿಸುತ್ತದೆ ಎಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ವಿಜಯಪುರ ಪ್ರಾಂತಕ್ಕೆ ದೂರದ ಗ್ರಂಥಗಳ ಚಿಂತೆಯು ಹೊಸದಲ್ಲ. ಆಸಾರ್ ಮಹಲಿನಲ್ಲಿದ್ದ ಆದಿಲಶಾಹಿ ಕಾಲದ ಪುಸ್ತಕಸಂಗ್ರಹವು 1853ರಲ್ಲಿ ಲಂಡನ್ನಿಗೆ ಸಾಗಿಹೋಯಿತು. ಆ ಪ್ರತಿಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇದೇ ನಗರದಲ್ಲಿ ನೆಲೆಸಿದ್ದ ಫ. ಗು. ಹಳಕಟ್ಟಿಯವರು ವಚನಗಳ ಓಲೆಪ್ರತಿಗಳಿಗಾಗಿ ಊರೂರು ತಿರುಗಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವನ್ನು ಪ್ರಕಟಿಸಿದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅವರು ಪಟ್ಟ ಶ್ರಮದ ಬಹುಭಾಗವು ಪ್ರತಿಯಿದ್ದ ಸ್ಥಳಕ್ಕೆ ಹೋಗಿ ಬರುವುದರಲ್ಲಿಯೇ ಕಳೆದಿತ್ತೆಂಬುದನ್ನು ನೆನೆದರೆ, ದೂರಪ್ರವೇಶದ ಬೆಲೆಯು ಮನದಟ್ಟಾಗುವುದು.

ನಿದರ್ಶನಾರ್ಥವಾಗಿ ಹೀಗೆ ಕಲ್ಪಿಸಿಕೊಳ್ಳೋಣ. ವಿಜಯಪುರ ನಗರದ ಒಂದು ಗ್ರಂಥಭಂಡಾರದಲ್ಲಿ ಓಲೆಪ್ರತಿಗಳ ಚಿತ್ರಗಳನ್ನಿರಿಸಿದ ಗಣಕಯಂತ್ರವಿದೆ. ಅಥಣಿಯ ದಾರಿಯಲ್ಲಿರುವ ತಿಕೋಟಾದಲ್ಲಿ ಒಬ್ಬ ಅಧ್ಯಾಪಕರೂ, ಜಮಖಂಡಿಯ ದಾರಿಯಲ್ಲಿರುವ ಬಬಲೇಶ್ವರದಲ್ಲಿ ಒಬ್ಬ ಸಂಶೋಧಕರೂ ಇದ್ದಾರೆ. ಹಿಂದೆ ವಿಜಯಪುರ ತಾಲ್ಲೂಕಿಗೇ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕುಗಳಿಗೆ ಕೇಂದ್ರಗಳಾಗಿರುವ ಈ ಎರಡು ಸ್ಥಳಗಳಿಂದ ಅವರಿಬ್ಬರೂ ಭಂಡಾರದ ಯಂತ್ರವನ್ನು ಪ್ರವೇಶಿಸಬೇಕಾಗಿದೆ. ಅವರಿಗೆ ಒದಗಬಹುದಾದ ತೊಡಕುಗಳನ್ನೇ ಮುಂದೆ ಒಂದೊಂದಾಗಿ ಪರಿಶೀಲಿಸುವೆವು.

2. ಅಂಕಿತ, ಸಂಕೇತ, ಮುದ್ರೆ

ಪ್ರವೇಶಿಸುವವನು ಮೊದಲು ತನ್ನ ಹೆಸರನ್ನು ಹೇಳುತ್ತಾನೆ. ಇದು ವಚನದ ಅಂಕಿತದಂತೆ. ಅಂಕಿತವು ಇಂಥವರ ವಚನವೆಂದು ಸಾರುತ್ತದೆಯೇ ಹೊರತು ಸಾಧಿಸುವುದಿಲ್ಲ. ಯಾವನಾದರೂ ತನ್ನ ವಾಕ್ಯದ ಕೊನೆಯಲ್ಲಿ ಶರಣರ ಅಂಕಿತವನ್ನು ಇಡಬಹುದು. ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸುವ ಶ್ರಮವನ್ನು ಅರಿತ ವಾಚಕರಿಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ಆದುದರಿಂದ ಹೆಸರಿನ ಜೊತೆಗೆ ಪ್ರಮಾಣವೊಂದು ಬೇಕು.

ಪ್ರಮಾಣವು ಎರಡು ವಿಧವಾಗಿರಬಹುದು. ಒಂದು, ಇಬ್ಬರಿಗೆ ಮಾತ್ರ ತಿಳಿದ ರಹಸ್ಯವನ್ನು ಹೇಳುವುದು. ಸುಂದರಕಾಂಡದಲ್ಲಿ ಸೀತೆಯು ಹನುಮಂತನ ಬಾಯಲ್ಲಿ ಕಾಕವೃತ್ತಾಂತವನ್ನು ಹೇಳಿ ಕಳುಹಿಸುವುದು ಇಂತಹ ಅಭಿಜ್ಞಾನವೇ. ಗುಪ್ತಪದವೂ ಈ ಜಾತಿಯದು. ಇದರಲ್ಲಿರುವ ದೋಷವೇನೆಂದರೆ, ರಹಸ್ಯವನ್ನು ಒಮ್ಮೆ ಹೇಳಿದೊಡನೆ ಕೇಳಿದವನಿಗೂ ಅದು ತಿಳಿದುಹೋಗುತ್ತದೆ. ಹನುಮಂತನಂತಹ ದೂತನಾದರೆ ಚಿಂತೆಯಿಲ್ಲ. ದಾರಿಯಲ್ಲಿ ಕಿವಿಗೊಟ್ಟವನು ಬೇರೆಯವನಾದರೆ ಅವನೂ ನಾಳೆ ಅದೇ ಮಾತನ್ನು ಹೇಳಿ ಒಳಗೆ ಬರಬಲ್ಲನು. ಮತ್ತೊಂದು, ತನ್ನಲ್ಲಿ ಮಾತ್ರ ಇರುವ ವಸ್ತುವಿನಿಂದ ಗುರುತು ಮಾಡಿ ತೋರಿಸುವುದು. ರಾಮನಾಮಾಂಕಿತವಾದ ಉಂಗುರವೂ ಅರಸರ ರಾಜಮುದ್ರೆಯೂ ಈ ಜಾತಿಯವು. ಆದರೆ ಮುದ್ರೆಯ ಅಚ್ಚನ್ನು ಕಂಡ ಕುಶಲನಾದ ಅಕ್ಕಸಾಲಿಯು ಅಂತಹುದೇ ಮುದ್ರೆಯನ್ನು ಎರಕ ಹೊಯ್ಯಬಲ್ಲನಾದ್ದರಿಂದ ಇದೂ ನಿರ್ದುಷ್ಟವಲ್ಲ.

ಗೂಢಲೇಖನವು ನಮ್ಮ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಕೌಟಿಲ್ಯನು ಚಾರರ ವಿಷಯದಲ್ಲಿ ಸಂಜ್ಞಾಲಿಪಿಯನ್ನು ಹೇಳಿದ್ದಾನೆ. ವಾತ್ಸ್ಯಾಯನನು ಅರುವತ್ತನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವನ್ನು ಎಣಿಸಿದ್ದಾನೆ. ವ್ಯಾಖ್ಯಾನಕಾರನಾದ ಯಶೋಧರನು ಕೌಟಿಲೀಯ, ಮೂಲದೇವೀಯ ಎಂಬ ಅಕ್ಷರವಿನಿಮಯ ಕ್ರಮಗಳನ್ನು ವಿವರಿಸಿದ್ದಾನೆ. ಇವುಗಳಲ್ಲೆಲ್ಲ ಬರೆಯುವವನಿಗೂ ಓದುವವನಿಗೂ ಸಂಕೇತವು ಒಂದೇ. ಎಂದಮೇಲೆ ಆ ಸಂಕೇತವನ್ನು ಮೊದಲು ಗುಟ್ಟಾಗಿ ತಲುಪಿಸಬೇಕು. ಗುಟ್ಟಾಗಿ ತಲುಪಿಸಲು ಮತ್ತೊಂದು ಸಂಕೇತವು ಬೇಕು. ಈ ಅನವಸ್ಥಾದೋಷವು 20ನೆಯ ಶತಮಾನದ ಉತ್ತರಾರ್ಧದವರೆಗೂ ಪರಿಹಾರವಾಗಲಿಲ್ಲ.

3. ಹೊಸ ಪದ್ಧತಿಯ ತತ್ತ್ವ

1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ಅಮೆರಿಕದ ವಿದ್ವಾಂಸರು, ಒಂದೇ ಸಂಕೇತದ ಬದಲಾಗಿ ಪರಸ್ಪರ ಸಂಬದ್ಧವಾದ ಎರಡು ಸಂಕೇತಗಳನ್ನು ಮಾಡಿ, ಒಂದನ್ನು ಬಹಿರಂಗವಾಗಿಯೂ ಇನ್ನೊಂದನ್ನು ಗುಟ್ಟಾಗಿಯೂ ಇಡಬಹುದೆಂದು ಪ್ರತಿಪಾದಿಸಿದರು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಇದಕ್ಕೆ ಗಣಿತದ ರೂಪವನ್ನು ಕೊಟ್ಟರು. ಅವರ ಹೆಸರುಗಳ ಆದ್ಯಕ್ಷರಗಳಿಂದ ಅದಕ್ಕೆ ಆರ್‌ಎಸ್‌ಎ ಎಂಬ ಸಂಜ್ಞೆಯು ಬಂದಿತು. ಇಂಗ್ಲೆಂಡಿನ ಸರಕಾರದ ಗೂಢಲಿಪಿ ಕಚೇರಿಯಲ್ಲಿ ಕ್ಲಿಫರ್ಡ್ ಕಾಕ್ಸ್ ಎಂಬುವರು 1973ರಲ್ಲಿಯೇ ಇದನ್ನು ಕಂಡುಕೊಂಡಿದ್ದರೆಂಬ ಸಂಗತಿಯು 1997ರಲ್ಲಿ ಹೊರಬಿದ್ದಿತು.

ಆರ್‌ಎಸ್‌ಎ ಪದ್ಧತಿಯ ತಿರುಳು ಸುಲಭವಾದುದು. 89ನ್ನು 97ರಿಂದ ಗುಣಿಸಿ 8633 ಎಂದು ಹೇಳುವುದು ಬಾಲಕನಿಗೂ ಸಾಧ್ಯ. 8633 ಎಂಬ ಸಂಖ್ಯೆಯನ್ನು ಮಾತ್ರ ಕೊಟ್ಟು, ಇದು ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ಬಹಳ ಹೊತ್ತು ಹುಡುಕಬೇಕಾಗುವುದು. ಈ ಸಂಖ್ಯೆಗಳು ನೂರಾರು ಅಂಕಗಳುಳ್ಳವಾದರೆ, ಗುಣಿಸುವುದು ಯಂತ್ರಕ್ಕೆ ಕ್ಷಣದ ಕೆಲಸ; ಅವಯವಗಳನ್ನು ಬೇರ್ಪಡಿಸುವುದು ಈಗಿನ ಯಾವ ಯಂತ್ರಕ್ಕೂ ಕೈಗೂಡದ ಕೆಲಸ. ಹೋಗಲು ಸುಗಮವಾಗಿ ಮರಳಲು ದುರ್ಗಮವಾದ ಇಂತಹ ದಾರಿಯೇ ಎರಡು ಸಂಕೇತಗಳನ್ನು ಬೇರೆಯಾಗಿರಿಸುತ್ತದೆ.

ದೂರಪ್ರವೇಶಕ್ಕೆ ಈ ತತ್ತ್ವವನ್ನು ಅಳವಡಿಸಿದವರು ಫಿನ್ಲೆಂಡಿನ ತಾತು ಯುಲೋನೆನ್. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ತಂತಿಜಾಲದಲ್ಲಿ ಯಾರೋ ಹೊಂಚು ಹಾಕಿ ಗುಪ್ತಪದಗಳನ್ನು ಕದ್ದ ಪ್ರಸಂಗವೇ ಅದಕ್ಕೆ ಪ್ರೇರಣೆ. ಅಂದಿನವರೆಗೆ ಬಳಕೆಯಲ್ಲಿದ್ದ ಟೆಲ್‌ನೆಟ್ ಮೊದಲಾದ ಕ್ರಮಗಳಲ್ಲಿ ಗುಪ್ತಪದವು ಮರೆಯಿಲ್ಲದೆ ತಂತಿಯಲ್ಲಿ ಸಾಗುತ್ತಿತ್ತು. 1995ರಲ್ಲಿ ಅವರು ರಚಿಸಿದ ಸೆಕ್ಯೂರ್ ಷೆಲ್, ಸಂಕ್ಷೇಪವಾಗಿ ಎಸ್‌ಎಸ್‌ಎಚ್, ಈ ಕೊರತೆಯನ್ನು ನೀಗಿತು. 1999ರಲ್ಲಿ ಹೊರಬಂದ ಓಪನ್‌ಎಸ್‌ಎಸ್‌ಎಚ್ ಎಂಬ ಮುಕ್ತರೂಪವೇ ಈಗ ಹೆಚ್ಚಾಗಿ ಬಳಕೆಯಲ್ಲಿದೆ.

ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕು. ಪ್ರವೇಶಿಸುವವನ ಸಂಕೇತಯುಗ್ಮವು ಸಂಭಾಷಣೆಯನ್ನು ಮರೆಮಾಡುವುದಕ್ಕಾಗಿ ಇರುವುದಲ್ಲ. ಆ ಕೆಲಸಕ್ಕೆ ಎರಡು ಯಂತ್ರಗಳೂ ಆಯಾ ಸಲಕ್ಕೆಂದೇ ತಾತ್ಕಾಲಿಕ ಸಂಕೇತವೊಂದನ್ನು ನಿರ್ಮಿಸಿಕೊಳ್ಳುತ್ತವೆ. ಹಾಗೆ ಮಾಡುವಾಗ ಹುಟ್ಟಿದ, ಮತ್ತೆಂದೂ ಮರಳದ ಒಂದು ಗುರುತಿನ ಮೇಲೆ ಪ್ರವೇಶಾರ್ಥಿಯ ಯಂತ್ರವು ಗುಪ್ತ ಸಂಕೇತದಿಂದ ರುಜುವನ್ನು ಹಾಕುತ್ತದೆ. ಭಂಡಾರದ ಯಂತ್ರವು ತನ್ನಲ್ಲಿರುವ ಬಹಿರಂಗ ಸಂಕೇತದಿಂದ ಆ ರುಜುವನ್ನು ಪರೀಕ್ಷಿಸುತ್ತದೆ. ಗುಪ್ತ ಸಂಕೇತವು ತಿಕೋಟಾವನ್ನು ಬಿಟ್ಟು ಕದಲುವುದೇ ಇಲ್ಲ. ಇಂದಿನ ರುಜುವನ್ನು ಕದ್ದವನಿಗೆ ಅದು ನಾಳೆ ಉಪಯೋಗಕ್ಕೆ ಬಾರದು, ಏಕೆಂದರೆ ನಾಳೆಯ ಗುರುತೇ ಬೇರೆ. ಹೀಗೆ ರಹಸ್ಯವನ್ನು ಹೇಳದೆಯೇ ರಹಸ್ಯವು ತನ್ನಲ್ಲಿದೆಯೆಂದು ಸಾಧಿಸುವುದು ಶಕ್ಯವಾಯಿತು.

4. ಹೆಸರಿನ ವಿಚಾರ

ಇಂಗ್ಲಿಷಿನಲ್ಲಿ ಈ ಎರಡನ್ನೂ ‘ಕೀ’ ಎಂದೇ ಕರೆಯುತ್ತಾರೆ. ಕನ್ನಡದಲ್ಲಿಯೂ ಅದನ್ನೇ ಅನುಸರಿಸಿ ಎರಡಕ್ಕೂ ಕೀಲಿಕೈ ಎಂದರೆ ಅನರ್ಥಕ್ಕೆ ದಾರಿಯಾಗುವುದು. ಎರಡೂ ಕೀಲಿಕೈಗಳೇ ಆದಲ್ಲಿ ಯಾವುದನ್ನು ಕೊಟ್ಟರೂ ಸರಿಯೆಂಬ ಭಾವನೆ ಹುಟ್ಟುವುದು ಸಹಜ. ನಮ್ಮ ಬಬಲೇಶ್ವರದ ಸಂಶೋಧಕರು, ‘ನಿಮ್ಮ ಕೀಲಿಕೈಯನ್ನು ಕಳುಹಿಸಿರಿ’ ಎಂಬ ಭಂಡಾರದವರ ಪತ್ರವನ್ನು ಓದಿ, ಬಹಿರಂಗವಾದುದರ ಬದಲು ಗುಪ್ತವಾದುದನ್ನೇ ಕಳುಹಿಸಿದರೆ, ಅದಕ್ಕೆ ಹೊಣೆಯು ಅವರದಲ್ಲ, ಪರಿಭಾಷೆಯದು.

ವಿಜಯಪುರ ಪ್ರಾಂತದ ಆಡುಮಾತಿನಲ್ಲಿ ಇದಕ್ಕೆ ಸಿದ್ಧವಾದ ಪರಿಹಾರವಿದೆ. ದಕ್ಷಿಣದವರು ಬೀಗ ಎನ್ನುವುದನ್ನು ಇಲ್ಲಿ ಕೀಲಿ ಎನ್ನುತ್ತಾರೆ; ಅದನ್ನು ತೆರೆಯುವುದು ಕೀಲಿಕೈ. ಬಹಿರಂಗವಾದುದನ್ನು ಕೀಲಿಯೆಂದೂ ಗುಪ್ತವಾದುದನ್ನು ಕೀಲಿಕೈಯೆಂದೂ ಕರೆದರೆ ಅರ್ಥವು ತಾನೇ ಹೊಳೆಯುತ್ತದೆ. ಕೀಲಿಯನ್ನು ಬಾಗಿಲಿಗೆ ಹಾಕಲು ಕೊಡಬಹುದು, ಹತ್ತು ಬಾಗಿಲಿಗೆ ಬೇಕಾದರೂ ಹಾಕಬಹುದು, ದಾರಿಹೋಕರೆಲ್ಲ ಅದನ್ನು ನೋಡಬಹುದು. ಕೀಲಿಕೈಯು ಮಾತ್ರ ಯಜಮಾನನ ಸೊಂಟದಲ್ಲಿಯೇ ಇರತಕ್ಕದ್ದು. ಲೋಹದ ಕೀಲಿಯನ್ನು ಬಿಚ್ಚಿ ನೋಡಿ ಕೀಲಿಕೈಯನ್ನು ಮಾಡುವವರುಂಟು, ಇಲ್ಲಿ ಅದು ಆಗದು. ಇಷ್ಟೇ ದೃಷ್ಟಾಂತಕ್ಕೂ ದಾರ್ಷ್ಟಾಂತಿಕಕ್ಕೂ ಇರುವ ಭೇದ. ಈ ಲೇಖನದಲ್ಲಿ ಮುಂದೆ ಇದೇ ಅರ್ಥದಲ್ಲಿ ಈ ಎರಡು ಶಬ್ದಗಳನ್ನು ಪ್ರಯೋಗಿಸಲಾಗಿದೆ.

5. ಸಿದ್ಧತೆಯ ಕ್ರಮ

ತಿಕೋಟಾದ ಅಧ್ಯಾಪಕರು ತಮ್ಮ ಯಂತ್ರದಲ್ಲಿ ‘ಎಸ್‌ಎಸ್‌ಎಚ್-ಕೀಜೆನ್’ ಎಂಬ ಆಜ್ಞೆಯನ್ನು ಕೊಡಬೇಕು. ಆಗ ಎರಡು ಕಡತಗಳು ಹುಟ್ಟುತ್ತವೆ. ಹೆಸರಿನ ಕೊನೆಯಲ್ಲಿ ‘ಡಾಟ್ ಪಬ್’ ಎಂದಿರುವುದು ಕೀಲಿ. ಆ ಪ್ರತ್ಯಯವಿಲ್ಲದುದು ಕೀಲಿಕೈ. ಕೀಲಿಯು ಒಂದೇ ಸಾಲಿನ ಬರಹ. ಅದನ್ನು ಭಂಡಾರದ ಯಂತ್ರದಲ್ಲಿ ಆ ಅಧ್ಯಾಪಕರ ಹೆಸರಿನ ಗೃಹಕೋಶದೊಳಗೆ, ‘ಡಾಟ್ ಎಸ್‌ಎಸ್‌ಎಚ್’ ಎಂಬ ಒಳಕೋಶದಲ್ಲಿರುವ ‘ಆಥರೈಸ್ಡ್ ಕೀಸ್’ ಎಂಬ ಕಡತಕ್ಕೆ ಒಂದು ಸಾಲಾಗಿ ಸೇರಿಸಬೇಕು. ‘ಎಸ್‌ಎಸ್‌ಎಚ್-ಕಾಪಿ-ಐಡಿ’ ಎಂಬ ಆಜ್ಞೆಯು ಈ ಕೆಲಸವನ್ನು ತಾನೇ ಮಾಡುತ್ತದೆ. ಇಷ್ಟಾದಮೇಲೆ ಗುಪ್ತಪದವನ್ನು ಕೇಳದೆ ಬಾಗಿಲು ತೆರೆಯತಕ್ಕದ್ದು. ತೆರೆಯದೆ ಮತ್ತೆ ಗುಪ್ತಪದವನ್ನೇ ಕೇಳಿದರೆ ಅಥವಾ ‘ಅನುಮತಿಯಿಲ್ಲ’ ಎಂದಷ್ಟೇ ಹೇಳಿದರೆ ಮುಂದಿನ ವಿಚಾರವು ಪ್ರಸಕ್ತವಾಗುತ್ತದೆ.

6. ಅನುಮತಿಗಳೂ ಅಕ್ಷರಗಣಗಳೂ

ತೊಡಕುಗಳಲ್ಲಿ ಅತಿಸಾಮಾನ್ಯವಾದುದು ಕಡತಗಳ ಅನುಮತಿಗೆ ಸಂಬಂಧಿಸಿದುದು. ಇಂತಹ ಯಂತ್ರಗಳಲ್ಲಿ ಪ್ರತಿಯೊಂದು ಕಡತಕ್ಕೂ ಯಜಮಾನ, ಅವನ ಗುಂಪು, ಇತರರು ಎಂಬ ಮೂರು ವರ್ಗಗಳಿಗೆ, ಓದುವುದು, ಬರೆಯುವುದು, ನಡೆಸುವುದು ಎಂಬ ಮೂರು ಅಧಿಕಾರಗಳು ಉಂಟು ಅಥವಾ ಇಲ್ಲವೆಂದು ಗುರುತಾಗಿರುತ್ತದೆ. ಕೋಶದ ವಿಷಯದಲ್ಲಿ ‘ನಡೆಸುವುದು’ ಎಂದರೆ ಒಳಹೊಕ್ಕು ದಾಟುವುದು.

ಛಂದಸ್ಸನ್ನು ಬಲ್ಲವರಿಗೆ ಇದು ಹೊಸ ಲೆಕ್ಕವಲ್ಲ. ಅಧಿಕಾರವಿದ್ದರೆ ಗುರು, ಇಲ್ಲದಿದ್ದರೆ ಲಘು ಎಂದಿಟ್ಟುಕೊಂಡರೆ, ಮೂರು ಅಧಿಕಾರಗಳ ಪ್ರಸ್ತಾರದಿಂದ ಪಿಂಗಳನ ಎಂಟು ಗಣಗಳೇ ಹುಟ್ಟುತ್ತವೆ. ಮೊದಲನೆಯ ಸ್ಥಾನದ ಗುರುವಿಗೆ 4, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಎಂದು ಬೆಲೆ. ಆಗ ಮಗಣಕ್ಕೆ 7, ತಗಣಕ್ಕೆ 6, ರಗಣಕ್ಕೆ 5, ಭಗಣಕ್ಕೆ 4, ಯಗಣಕ್ಕೆ 3, ಜಗಣಕ್ಕೆ 2, ಸಗಣಕ್ಕೆ 1, ನಗಣಕ್ಕೆ 0 ಎಂದಾಗುವುದು. ಯಂತ್ರಜ್ಞರು 700 ಎಂದು ಬರೆಯುವುದು ನಮ್ಮ ಭಾಷೆಯಲ್ಲಿ ಮ-ನ-ನ: ಯಜಮಾನನಿಗೆ ಎಲ್ಲವೂ ಉಂಟು, ಗುಂಪಿಗೂ ಇತರರಿಗೂ ಏನೂ ಇಲ್ಲ. 600 ಎಂಬುದು ತ-ನ-ನ. 644 ಎಂಬುದು ತ-ಭ-ಭ. 755 ಎಂಬುದು ಮ-ರ-ರ.

ಈಗ ನಿಯಮವನ್ನು ಹೇಳಬಹುದು. ಭಂಡಾರದ ಯಂತ್ರವು ಪ್ರವೇಶಾರ್ಥಿಯ ಗೃಹಕೋಶ, ‘ಡಾಟ್ ಎಸ್‌ಎಸ್‌ಎಚ್’ ಕೋಶ, ‘ಆಥರೈಸ್ಡ್ ಕೀಸ್’ ಕಡತ ಈ ಮೂರನ್ನೂ ಪರೀಕ್ಷಿಸಿ, ಯಜಮಾನನಲ್ಲದವರಿಗೆ ಬರೆಯುವ ಅಧಿಕಾರವು ಇವುಗಳಲ್ಲೊಂದರಲ್ಲಿ ಇದ್ದರೂ ಕೀಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂದರೆ ಎರಡನೆಯ ಮತ್ತು ಮೂರನೆಯ ಗಣಗಳಲ್ಲಿ ನಡುವಣ ಅಕ್ಷರವು ಗುರುವಾಗಿರಕೂಡದು. ಮ-ರ-ರ ಆಗಬಹುದು; ಮ-ಮ-ರ, ಎಂದರೆ 775, ಆಗದು. ಕಾರಣವು ಸ್ಪಷ್ಟವಾಗಿದೆ. ಕೀಲಿಯನ್ನು ಯಾರು ಓದಿದರೂ ಹಾನಿಯಿಲ್ಲ, ಆದರೆ ಆ ಕಡತದಲ್ಲಿ ಬರೆಯಬಲ್ಲವನು ತನ್ನದೊಂದು ಕೀಲಿಯನ್ನು ಸೇರಿಸಿ, ಅಧ್ಯಾಪಕರ ಹೆಸರಿನಲ್ಲಿ ಒಳಗೆ ಬರಬಲ್ಲನು. ಹೊರಕೋಶದಲ್ಲಿ ಬರೆಯಬಲ್ಲವನು ಒಳಕೋಶವನ್ನೇ ಬದಲಿಸಬಲ್ಲನಾದ್ದರಿಂದ ಪರೀಕ್ಷೆಯು ಗೃಹಕೋಶದವರೆಗೂ ಏರುತ್ತದೆ. ಕಡತವನ್ನು ಮಾತ್ರ ಸರಿಪಡಿಸಿ ಗೃಹಕೋಶವನ್ನು ನೋಡದವರು ದಿನಗಟ್ಟಲೆ ಬಳಲುವುದು ಈ ಕಾರಣದಿಂದಲೇ.

ಕೀಲಿಕೈಗೆ ಇದಕ್ಕಿಂತ ಕಠಿನವಾದ ನಿಯಮವಿದೆ. ಅದನ್ನು ಇತರರು ಓದುವುದೂ ಕೂಡದು. ಆದುದರಿಂದ ತಿಕೋಟಾದ ಯಂತ್ರದಲ್ಲಿರುವ ಕೀಲಿಕೈಯ ಕಡತವು ತ-ನ-ನ ಅಥವಾ ಭ-ನ-ನ, ಎಂದರೆ 600 ಅಥವಾ 400, ಆಗಿರಬೇಕು. ತ-ಭ-ಭ ಇದ್ದರೆ ಕೀಲಿಗೆ ಸಾಕು, ಕೀಲಿಕೈಗೆ ಸಾಲದು. ಅಧ್ಯಾಪಕರ ಯಂತ್ರವೇ ಅದನ್ನು ಬಳಸಲು ಒಪ್ಪುವುದಿಲ್ಲ. ‘ಡಾಟ್ ಎಸ್‌ಎಸ್‌ಎಚ್’ ಕೋಶವನ್ನು ಎರಡೂ ಕಡೆಗಳಲ್ಲಿ ಮ-ನ-ನ ಮಾಡಿಡುವುದು ಉತ್ತಮ ಪಕ್ಷ.

7. ಇತರ ತೊಡಕುಗಳು

ಎರಡನೆಯದು ಲಿಪಿಕಾರದೋಷ. ಕೀಲಿಯು ಒಂದೇ ಸಾಲಾಗಿರಬೇಕೆಂದು ಹೇಳಿದೆಯಷ್ಟೆ. ಪತ್ರದಿಂದ ಎತ್ತಿ ಬರೆಯುವಾಗ ಸಾಲು ನಡುವೆ ಮುರಿದರೆ, ಅಥವಾ ಮೊದಲಿನ ಒಂದು ಅಕ್ಷರವು ಬಿಟ್ಟುಹೋದರೆ, ಯಂತ್ರವು ಅದನ್ನು ಕೀಲಿಯೆಂದೇ ತಿಳಿಯುವುದಿಲ್ಲ. ಓಲೆಪ್ರತಿಯಲ್ಲಾದರೆ ಬಿಟ್ಟ ಅಕ್ಷರವನ್ನು ಸಂಪಾದಕನು ಊಹಿಸಬಹುದು. ಇಲ್ಲಿ ಊಹೆಗೆ ಎಡೆಯಿಲ್ಲ.

ಮೂರನೆಯದು ಹೆಸರಿನ ವ್ಯತ್ಯಾಸ. ಅಧ್ಯಾಪಕರಿಗೆ ತಮ್ಮ ಯಂತ್ರದಲ್ಲಿ ಒಂದು ಹೆಸರೂ ಭಂಡಾರದ ಯಂತ್ರದಲ್ಲಿ ಮತ್ತೊಂದು ಹೆಸರೂ ಇರಬಹುದು. ಹೆಸರನ್ನು ಹೇಳದಿದ್ದರೆ ತಮ್ಮ ಯಂತ್ರದ ಹೆಸರೇ ಹೋಗುತ್ತದೆ. ಆ ಹೆಸರಿನ ಗೃಹಕೋಶವು ಅಲ್ಲಿ ಇಲ್ಲದಿದ್ದರೆ ಕೀಲಿಯು ಸರಿಯಿದ್ದೂ ವ್ಯರ್ಥ.

ನಾಲ್ಕನೆಯದು ಕಾಲಧರ್ಮ. ಡಿಎಸ್‌ಎ ಎಂಬ ಜಾತಿಯ ಕೀಲಿಗಳನ್ನು ಓಪನ್‌ಎಸ್‌ಎಸ್‌ಎಚ್ 2015ರಲ್ಲಿ ಸ್ವಭಾವತಃ ಒಪ್ಪುವುದನ್ನು ನಿಲ್ಲಿಸಿತು. 2021ರಲ್ಲಿ, ಆರ್‌ಎಸ್‌ಎ ಕೀಲಿಕೈಯಿಂದ ಎಸ್‌ಎಚ್‌ಎ-1 ಎಂಬ ಹಳೆಯ ಕ್ರಮದಲ್ಲಿ ಹಾಕಿದ ರುಜುವಿಗೂ ಅದೇ ಗತಿಯಾಯಿತು. ಇಲ್ಲಿ ಆರ್‌ಎಸ್‌ಎ ಕೀಲಿಯೇ ತ್ಯಾಜ್ಯವೆಂದು ತಿಳಿಯಬಾರದು. ಅದೇ ಕೀಲಿಕೈಯಿಂದ ಹೊಸ ಕ್ರಮದಲ್ಲಿ ರುಜು ಹಾಕಬಹುದು. ಒಂದು ತುದಿಯಲ್ಲಿ ಬಹು ಹಳೆಯ ತಂತ್ರಾಂಶವೂ ಇನ್ನೊಂದು ತುದಿಯಲ್ಲಿ ಹೊಸದೂ ಇದ್ದಾಗ, ನಿನ್ನೆಯವರೆಗೆ ತೆರೆಯುತ್ತಿದ್ದ ಬಾಗಿಲು ಇಂದು ತೆರೆಯದಿರುವುದಕ್ಕೆ ಇದು ಕಾರಣ. ಹೊಸದಾಗಿ ಮಾಡಿಸುವವರು ಇಡಿ25519 ಎಂಬ ಜಾತಿಯನ್ನು ಆರಿಸುವುದು ಲೇಸು. 2023ರಿಂದ ‘ಎಸ್‌ಎಸ್‌ಎಚ್-ಕೀಜೆನ್’ ಆಜ್ಞೆಯು ತಾನಾಗಿ ಅದನ್ನೇ ಮಾಡುತ್ತದೆ.

ಐದನೆಯದು ಕೀಲಿಕೈಗಳ ಬಾಹುಳ್ಯ. ಹಲವು ಕೀಲಿಕೈಗಳಿರುವವರ ಯಂತ್ರವು ಒಂದಾದಮೇಲೊಂದನ್ನು ತೋರಿಸುತ್ತ ಹೋಗುತ್ತದೆ. ಭಂಡಾರದ ಯಂತ್ರವು ಸಾಮಾನ್ಯವಾಗಿ 6 ಪ್ರಯತ್ನಗಳಿಗೆ ಮಾತ್ರ ಅವಕಾಶ ಕೊಡುವುದರಿಂದ, ಸರಿಯಾದುದು ಏಳನೆಯದಾಗಿದ್ದರೆ ಅದರ ಸರದಿ ಬರುವ ಮುನ್ನವೇ ಬಾಗಿಲು ಮುಚ್ಚುತ್ತದೆ. ಇಂಥ ಬಾಗಿಲಿಗೆ ಇಂಥದೇ ಎಂದು ಮೊದಲೇ ಬರೆದಿಡುವುದು ಇದಕ್ಕೆ ಪರಿಹಾರ.

ಇವುಗಳಲ್ಲಿ ಯಾವ ತೊಡಕೆಂದು ತಿಳಿಯುವುದು ಹೇಗೆ? ಭಂಡಾರದ ಯಂತ್ರವು ಬಾಗಿಲಲ್ಲಿ ನಿಂತವನಿಗೆ ಕಾರಣವನ್ನು ಹೇಳುವುದಿಲ್ಲ. ಇದು ಔದಾಸೀನ್ಯವಲ್ಲ, ನೀತಿ. ಕಾರಣವನ್ನು ಕೇಳಿ ತಿಳಿದ ಕಳ್ಳನು ಮುಂದಿನ ಸಲ ಅದನ್ನೇ ತಿದ್ದಿಕೊಂಡು ಬರುವನು. ಕಾರಣವು ಭಂಡಾರದ ಒಳಗಿನ ದಿನಚರಿಯ ಕಡತದಲ್ಲಿ ಬರೆಯಲ್ಪಟ್ಟಿರುತ್ತದೆ. ಹೊರಗಿನವನು ‘ಎಸ್‌ಎಸ್‌ಎಚ್’ ಆಜ್ಞೆಯ ಜೊತೆಗೆ ‘ಹೈಫನ್ ವಿ’ ಎಂಬ ಚಿಹ್ನೆಯನ್ನು ಸೇರಿಸಿದರೆ, ಯಾವ ಕೀಲಿಕೈಯನ್ನು ತೋರಿಸಿತು, ಎಲ್ಲಿ ನಿರಾಕರಣವಾಯಿತು ಎಂಬ ಅರ್ಧ ಕಥೆಯು ದೊರೆಯುತ್ತದೆ. ಎರಡು ತುದಿಗಳ ವೃತ್ತಾಂತಗಳನ್ನೂ, ಎರಡು ಪ್ರತಿಗಳನ್ನು ಹೋಲಿಸಿದಂತೆ, ಪಕ್ಕದಲ್ಲಿಟ್ಟು ಓದಿದರೆ ಸಂದೇಹವು ಬಹುಮಟ್ಟಿಗೆ ತೀರುವುದು.

8. ಬಾಗಿಲನ್ನು ಗುರುತಿಸುವುದು

ಅಶೋಕವನದಲ್ಲಿ ಸೀತೆಯು ಹನುಮಂತನನ್ನು ಕಂಡು, ಇವನು ವೇಷ ಧರಿಸಿ ಬಂದ ರಾವಣನೇ ಇರಬಹುದೆಂದು ಶಂಕಿಸಿ, ರಾಮನ ಲಕ್ಷಣಗಳನ್ನು ಹೇಳೆಂದು ಕೇಳುತ್ತಾಳೆ. ಬಂದವನನ್ನು ಮನೆಯು ಪರೀಕ್ಷಿಸುವಂತೆ, ಇದು ತಾನು ಅರಸಿ ಬಂದ ಮನೆಯೇ ಎಂದು ಬಂದವನೂ ಪರೀಕ್ಷಿಸಬೇಕು. ಭಂಡಾರದ ಯಂತ್ರಕ್ಕೂ ತನ್ನದೇ ಆದ ಕೀಲಿಯುಂಟು. ಮೊದಲ ಸಲ ಪ್ರವೇಶಿಸುವಾಗ ಅದರ ಸಂಕ್ಷಿಪ್ತ ರೂಪವಾದ ಬೆರಳಚ್ಚನ್ನು ತೋರಿಸಿ, ಒಪ್ಪಿಗೆಯೇ ಎಂದು ಕೇಳಲಾಗುತ್ತದೆ. ಓದದೆ ಹೌದೆನ್ನುವುದು ರೂಢಿಯಾಗಿದೆ. ಭಂಡಾರದವರು ತಮ್ಮ ಬೆರಳಚ್ಚನ್ನು ಕಾಗದದ ಮೇಲೆ ಬರೆದು ಅಧ್ಯಾಪಕರಿಗೆ ಮೊದಲೇ ಕೊಟ್ಟಿದ್ದರೆ ಹೋಲಿಸಿ ನೋಡಲು ಒಂದು ನಿಮಿಷವೂ ಬೇಡ. ಮುಂದೊಂದು ದಿನ ಗುರುತು ಬದಲಾಗಿದೆಯೆಂಬ ಎಚ್ಚರಿಕೆಯು ಬಂದರೆ, ಯಂತ್ರವನ್ನು ಹೊಸದಾಗಿ ಸಿದ್ಧಪಡಿಸಿದ್ದಾರೆಯೇ ಎಂದು ಭಂಡಾರದವರನ್ನು ವಿಚಾರಿಸಿದ ಹೊರತು ಮುಂದುವರಿಯಬಾರದು.

9. ಕೀಲಿಕೈ ಕಳೆದರೆ

ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಅಮಾತ್ಯ ರಾಕ್ಷಸನ ಉಂಗುರವು ಅವನ ಹೆಂಡತಿಯ ಬೆರಳಿಂದ ಜಾರಿ ಹೊಸ್ತಿಲಲ್ಲಿ ಬೀಳುತ್ತದೆ; ಚಾರನ ಮೂಲಕ ಚಾಣಕ್ಯನ ಕೈಸೇರುತ್ತದೆ; ಅದರಿಂದ ಮುದ್ರಿತವಾದ ಕೃತಕಪತ್ರವು ಮಲಯಕೇತುವಿನ ಮನಸ್ಸನ್ನು ಒಡೆಯುತ್ತದೆ. ಮುದ್ರೆಯು ನಿಜವಾದುದೇ, ಒತ್ತಿದ ಕೈ ಮಾತ್ರ ಬೇರೆ. ಕೀಲಿಕೈಯ ಸ್ಥಿತಿಯೂ ಹೀಗೆಯೇ. ಅದು ಅನ್ಯರ ವಶವಾದರೆ ಭಂಡಾರದ ಯಂತ್ರಕ್ಕೆ ವ್ಯತ್ಯಾಸವು ತಿಳಿಯುವ ಬಗೆಯಿಲ್ಲ.

ಇದಕ್ಕೆ ಮೂರು ಪ್ರತೀಕಾರಗಳಿವೆ. ಕೀಲಿಕೈಯ ಕಡತಕ್ಕೇ ಒಂದು ಗುಪ್ತವಾಕ್ಯವನ್ನು ಇಡುವುದು ಮೊದಲನೆಯದು. ಆ ವಾಕ್ಯವು ಅಧ್ಯಾಪಕರ ಯಂತ್ರವನ್ನು ಬಿಟ್ಟು ಹೊರಗೆ ಹೋಗುವುದಿಲ್ಲ, ಆದುದರಿಂದ ಹಳೆಯ ಗುಪ್ತಪದದ ದೋಷವು ಇದಕ್ಕಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೀಲಿಯನ್ನು ಇಡುವುದು ಎರಡನೆಯದು. ಬಬಲೇಶ್ವರದವರದು ಕಳೆದರೆ ಆ ಒಂದು ಸಾಲನ್ನು ಅಳಿಸಿದರೆ ಸಾಕು, ತಿಕೋಟಾದವರ ಕೆಲಸವು ನಿಲ್ಲದು. ಗುಪ್ತವಾದುದನ್ನು ಆಕಸ್ಮಿಕವಾಗಿ ಯಾರಿಗಾದರೂ ಕಳುಹಿಸಿದ್ದರೆ, ಅವರು ಎಷ್ಟು ಆಪ್ತರಾದರೂ, ಆ ಯುಗ್ಮವನ್ನು ತ್ಯಜಿಸಿ ಹೊಸದನ್ನು ಮಾಡುವುದು ಮೂರನೆಯದು. ಗುಪ್ತಪದದಿಂದ ಪ್ರವೇಶಿಸುವ ಹಳೆಯ ಬಾಗಿಲನ್ನು ಮುಚ್ಚುವ ಮುನ್ನ, ಈಗಾಗಲೇ ಒಳಗಿರುವ ಸಂಪರ್ಕವನ್ನು ಬಿಡದೆ, ಇನ್ನೊಂದು ಸಂಪರ್ಕದಿಂದ ಕೀಲಿಕೈಯು ತಿರುಗುವುದೆಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಯಜಮಾನನೇ ಹೊರಗುಳಿಯುವನು.

10. ಉಪಸಂಹಾರ

ಮೇಲೆ ನಿರೂಪಿಸಿದ ತೊಡಕುಗಳಲ್ಲಿ ಗಣಿತದ ಕಾಠಿಣ್ಯದಿಂದ ಹುಟ್ಟಿದುದು ಒಂದೂ ಇಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಬಹುಪಾಲು ಹೆಸರಿನ ಸಂದಿಗ್ಧತೆಯಿಂದ, ಲಿಪಿಯ ಲೋಪದಿಂದ, ಅಧಿಕಾರವಿಭಾಗದ ಅಜ್ಞಾನದಿಂದ ಉಂಟಾದವು. ಇವು ಮೂರೂ ಸಾಹಿತ್ಯದ ಅಧ್ಯಾಪಕರಿಗೆ ಪರಿಚಿತವಾದ ಕ್ಷೇತ್ರಗಳೇ. ಯಂತ್ರಜ್ಞರಿಲ್ಲದೆ ಇದು ನಮಗೆ ಆಗದ ಕೆಲಸವೆಂದು ಕೈಬಿಟ್ಟಲ್ಲಿ, ಭಂಡಾರದ ಬಾಗಿಲು ಎಲ್ಲರಿಗೂ ಒಂದೇ ಗುಪ್ತಪದವನ್ನು ಹಂಚುವ ಅಜಾಗ್ರತೆಗೆ ಇಳಿಯುವುದು, ಇಲ್ಲವೆ ಯಾರಿಗೂ ತೆರೆಯದೆ ಮುಚ್ಚಿಕೊಳ್ಳುವುದು. ಮೊದಲನೆಯದರಿಂದ ಪಾಠಗಳು ಕೆಡುವುವು. ಎರಡನೆಯದರಿಂದ ಓದುವವರಿಲ್ಲದೆ ಪ್ರತಿಗಳು ಇದ್ದೂ ಇಲ್ಲದಂತಾಗುವುವು. ಕೀಲಿಯನ್ನು ಕೊಟ್ಟು ಕೀಲಿಕೈಯನ್ನು ಇಟ್ಟುಕೊಳ್ಳುವ ವಿವೇಕವನ್ನು ಹಸ್ತಪ್ರತಿಶಾಸ್ತ್ರವನ್ನು ಕಲಿಯುವ ವಿದ್ಯಾರ್ಥಿಗಳಿಗೆ ಲಿಪಿಪರಿಚಯದ ಜೊತೆಯಲ್ಲಿಯೇ ಬೋಧಿಸುವುದು ಯುಕ್ತವೆಂದು ತೋರುತ್ತದೆ.